ಹದಿಹರೆಯದವರ ಸಂಪಾದನೆ: ಕಗ್ಗದಾಸಪುರದ ಸುತ್ತ ಒಂದು ಸಮೀಕ್ಷೆ

ಹದಿಮೂರರಿಂದ ಹದಿನೇಳು ವಯಸ್ಸಿನ ಮಕ್ಕಳು ನಾಲ್ಕು ಕಾಸು ದುಡಿಯುವ ದಾರಿಗಳು ಬೆಂಗಳೂರಿನ ಪೂರ್ವ ಭಾಗದಲ್ಲಿ ಹಲವಿವೆ. ಅವುಗಳಲ್ಲಿ ಕಾನೂನು ಒಪ್ಪುವವು ಕೆಲವು, ಓದಿಗೂ ನಿದ್ದೆಗೂ ಕುತ್ತು ತಾರದವು ಇನ್ನೂ ಕೆಲವೇ. ಈ ಪ್ರಶ್ನೆಯನ್ನು ಹತ್ತಿರದಿಂದ ನೋಡಲು ಕಗ್ಗದಾಸಪುರ ತಕ್ಕ ಜಾಗ. ಕೆರೆಯ ಪಕ್ಕದ ಹಳ್ಳಿಯಾಗಿದ್ದ ಊರು ಇದು. ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯಗಳು, ಆಮೇಲೆ ಬಂದ ಬಾಗ್ಮನೆ ಟೆಕ್ ಪಾರ್ಕ್, ಇವೆಲ್ಲದರ ನಡುವೆ ಸಿಕ್ಕಿ ಹಳ್ಳಿ ನಗರದೊಳಗೆ ಸೇರಿಹೋಯಿತು. ಬೈಯಪ್ಪನಹಳ್ಳಿಯಿಂದ ಹೊಸೂರಿನ ಕಡೆಗೆ ಹೋಗುವ ರೈಲು ಹಳಿ ಊರನ್ನು ಹಾಯ್ದುಹೋಗುತ್ತದೆ; ಗೇಟು ಬಿದ್ದಾಗ ಎರಡೂ ಬದಿ ವಾಹನಗಳ ಸಾಲು ನಿಲ್ಲುತ್ತದೆ. ಇಲ್ಲಿ ಬೇರೆ ರಾಜ್ಯಗಳಿಂದ ಬಂದ ಸಾಫ್ಟ್‌ವೇರ್ ಉದ್ಯೋಗಿಗಳ ಅಪಾರ್ಟ್‌ಮೆಂಟುಗಳಿವೆ, ಹಳೆಯ ಮನೆತನದವರ ಬಾಡಿಗೆ ವಠಾರಗಳಿವೆ, ಕೂಲಿಗೆಂದು ವಲಸೆ ಬಂದವರ ಮನೆಗಳೂ ಇವೆ. ಅಪಾರ್ಟ್‌ಮೆಂಟಿನ ಮಗುವಿಗೆ ಸಂಪಾದನೆಯೆಂದರೆ ಕೈಖರ್ಚಿನ ಹಣ, ದುಡಿಮೆಯ ಅನುಭವ. ವಠಾರದ ಮಗುವಿಗೆ ಅದು ಟ್ಯೂಷನ್ ಫೀಸು, ಬಸ್ ಪಾಸು, ಎಷ್ಟೋ ಸಲ ಮನೆಯ ರೇಷನ್ನು. ಇಬ್ಬರಿಗೂ ಕಾನೂನು ಒಂದೇ. ಇಬ್ಬರ ಕೈಗೂ ಸಿಗುವ ಬಿಡುವಿನ ಹೊತ್ತು ಮಾತ್ರ ಒಂದೇ ಅಲ್ಲ.

ಕಾನೂನಿನ ಬುಡ 1986ರ ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆಯಲ್ಲಿದೆ. ಅದು ಕೆಲವು ಉದ್ಯೋಗಗಳಿಗೆ ಮಾತ್ರ ನಿಷೇಧ ಹೇರಿತ್ತು. 2006ರ ಅಕ್ಟೋಬರಿನಲ್ಲಿ ಮನೆಗೆಲಸ, ಹೋಟೆಲು, ಢಾಬಾಗಳು ಆ ಪಟ್ಟಿಗೆ ಸೇರಿದವು. 2016ರ ತಿದ್ದುಪಡಿ ಕಾಯ್ದೆಯ ಸ್ವರೂಪವನ್ನೇ ಬದಲಿಸಿತು: ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಹದಿನಾಲ್ಕರಿಂದ ಹದಿನೆಂಟರೊಳಗಿನ ಕಿಶೋರರನ್ನು ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳಿಗೆ ಹಚ್ಚುವಂತಿಲ್ಲ. ಚಿಕ್ಕವರಿಗೆ ಎರಡೇ ವಿನಾಯಿತಿ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಬಹುದು. ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಷರತ್ತಿನ ಮೇಲೆ ನಟಿಸಬಹುದು. ನಿಷೇಧ ಮೀರಿ ಮಗುವನ್ನು ಕೆಲಸಕ್ಕಿಟ್ಟುಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷ ಸಜೆ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಇಲ್ಲವೆ ಎರಡೂ.

ದೊಡ್ಡ ಮಕ್ಕಳ ವಿಷಯದಲ್ಲಿ ಕೆಲಸದ ಬಗೆಗಿಂತ ಹೊತ್ತಿನ ನಿಯಮವೇ ಬಿಗಿಯಾದದ್ದು, ಜನರಿಗೆ ಹೆಚ್ಚು ಗೊತ್ತಿಲ್ಲದ್ದೂ ಅದೇ. ಕಿಶೋರರು ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ; ಮೂರು ಗಂಟೆಯಾದ ಮೇಲೆ ಒಂದು ಗಂಟೆ ವಿಶ್ರಾಂತಿ ಬೇಕು; ವಿಶ್ರಾಂತಿಯೂ ಕಾಯುವ ಹೊತ್ತೂ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ಓವರ್‌ಟೈಮ್ ಇಲ್ಲ, ಒಂದೇ ದಿನ ಎರಡು ಕಡೆ ದುಡಿಯುವಂತಿಲ್ಲ, ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಪೂರ್ತಿ ನಿಷಿದ್ಧ. ಶಾಲೆ ಬಿಡುವುದು ನಾಲ್ಕು ಗಂಟೆಯ ಆಸುಪಾಸು. ಹಾಗಾಗಿ ಓದುವ ಮಕ್ಕಳಿಗೆ ಶಾಲೆಯ ದಿನ ಉಳಿಯುವುದು ಮೂರು ಗಂಟೆಗೂ ಕಡಿಮೆ. ಹೋಂವರ್ಕೂ ಆಟವೂ ಅದರಲ್ಲೇ ಆಗಬೇಕು. ಆದ್ದರಿಂದ ನಿಜವಾದ ಸಂಪಾದನೆಯ ಕಾಲ ಶನಿವಾರ ಮಧ್ಯಾಹ್ನ, ಭಾನುವಾರ, ದಸರಾ ರಜೆ ಮತ್ತು ಬೇಸಿಗೆ ರಜೆ. ಮುಂದೆ ಬರುವ ಒಂದೊಂದು ದಾರಿಯನ್ನೂ ಈ ಗಡಿಯಾರಕ್ಕೆ ಹಿಡಿದು ನೋಡಬೇಕಾಗುತ್ತದೆ.

ಬೆಂಗಳೂರಿನಲ್ಲಿ ಹುಡುಗರ ದುಡಿಮೆ ಎಂದೊಡನೆ ನೆನಪಾಗುವುದು ಪೇಪರ್ ಹಾಕುವುದು. ಬೆಳಕು ಹರಿಯುವ ಮುಂಚೆ ಮುಚ್ಚಿದ ಅಂಗಡಿಗಳ ಜಗಲಿಯಲ್ಲಿ ಏಜೆಂಟರು ಬಂಡಲ್ ಬಿಚ್ಚುತ್ತಾರೆ, ಹುಡುಗರು ಪುರವಣಿ ಸೇರಿಸಿ ಎಣಿಸಿಕೊಂಡು ಸೈಕಲ್ಲಿಗೆ ಹೇರಿಕೊಳ್ಳುತ್ತಾರೆ. ಏಳರೊಳಗೆ ಮನೆಮನೆಗೆ ಪತ್ರಿಕೆ ಮುಟ್ಟಿರಬೇಕು. ಹಾಲಿನ ಪ್ಯಾಕೆಟ್ ಹಾಕುವ ಕೆಲಸವೂ ಅದೇ ಹೊತ್ತಿನದು. ಈ ಕೆಲಸಕ್ಕೆ ಸಮಾಜದಲ್ಲಿ ಗೌರವವಿದೆ. ರಾಮೇಶ್ವರದಲ್ಲಿ ಓಡುವ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಹೆಕ್ಕಿ ಹಂಚುತ್ತಿದ್ದ ಬಾಲಕ ಅಬ್ದುಲ್ ಕಲಾಂ ಮುಂದೆ ರಾಷ್ಟ್ರಪತಿಯಾದದ್ದು ಶಾಲೆಯ ಪಾಠಗಳಲ್ಲೇ ಬರುತ್ತದೆ. ಆದರೂ ಇಂದಿನ ಕಾನೂನಿನ ಪ್ರಕಾರ ಹದಿನೆಂಟು ತುಂಬದ ಹುಡುಗನನ್ನು ಬೆಳಗಿನ ಐದಕ್ಕೆ ಈ ಕೆಲಸಕ್ಕಿಟ್ಟುಕೊಳ್ಳುವುದು ತಪ್ಪು. ಬ್ರಿಟನ್ನಿನಲ್ಲಿ ಹದಿಮೂರು ತುಂಬಿದವರು ಬೆಳಿಗ್ಗೆ ಏಳರ ನಂತರ, ಶಾಲೆಯ ದಿನ ಎರಡು ಗಂಟೆ ಮೀರದಂತೆ ಇಂಥ ಹಗುರ ಕೆಲಸ ಮಾಡಬಹುದು. ಭಾರತದ ಕಾಯ್ದೆಯಲ್ಲಿ ಹದಿನಾಲ್ಕರ ಕೆಳಗೆ ‘ಹಗುರ ಕೆಲಸ’ ಎಂಬ ವರ್ಗವೇ ಇಲ್ಲ. ದುಡಿಮೆಯ ಹೆಸರಿನಲ್ಲಿ ಮಕ್ಕಳ ಬಾಲ್ಯವನ್ನೇ ತಿಂದುಹಾಕಿದ ಇತಿಹಾಸವಿರುವ ದೇಶದಲ್ಲಿ ಗೆರೆ ಬಿಗಿಯಾಗಿಯೇ ಇರುವುದು ಸರಿ. ಇದರ ನಡುವೆಯೂ ಏಜೆಂಟರಿಗೆ ಒಂದು ದಾರಿ ಇದೆ. ತಿಂಗಳ ಮೊದಲ ವಾರದ ಬಿಲ್ ವಸೂಲಿ, ಲೆಕ್ಕ ಬರೆಯುವುದು, ಹೊಸ ಚಂದಾದಾರರನ್ನು ಹುಡುಕುವುದು, ಇವೆಲ್ಲ ಭಾನುವಾರ ಹಗಲಿನಲ್ಲಿ ಆಗುವ ಕೆಲಸಗಳು. ಹದಿನಾಲ್ಕು ದಾಟಿದವರಿಗೆ ಅವನ್ನು ವಹಿಸಿದರೆ ನಿದ್ದೆಯೂ ಉಳಿಯುತ್ತದೆ, ಕಾನೂನೂ ಉಳಿಯುತ್ತದೆ.

ಅಂಗಡಿ, ಗ್ಯಾರೇಜು, ಹೋಟೆಲುಗಳ ಕೆಲಸ ಹೆಚ್ಚು ವ್ಯಾಪಕ, ಹೆಚ್ಚು ಅಪಾಯದ್ದೂ ಹೌದು. ಶಿವಾಜಿನಗರದ ಗುಜರಿ ಬೀದಿಗಳಲ್ಲಿ ವಾಹನದ ಬಿಡಿಭಾಗ ಬಿಚ್ಚುವ ಕೆಲಸಕ್ಕೆ ‘ಕಲಿಯಲಿ’ ಎಂದು ಹುಡುಗರನ್ನು ಬಿಡುವ ರೂಢಿ ಹಳೆಯದು. ಕಲಿಕೆಯ ಹೆಸರಿನಲ್ಲಿ ಸಂಬಳವಿಲ್ಲದ ವರ್ಷಗಳು ಅಲ್ಲಿ ಕಳೆದುಹೋಗುತ್ತವೆ. ಕೈಕೆಲಸ ನಿಜಕ್ಕೂ ಕಲಿಯಬೇಕೆಂದಿದ್ದರೆ 1961ರ ಅಪ್ರೆಂಟಿಸ್ ಕಾಯ್ದೆಯ ದಾರಿ ಇದೆ: ಅಪಾಯವಿಲ್ಲದ ಉದ್ದಿಮೆಗಳಲ್ಲಿ ಹದಿನಾಲ್ಕು ತುಂಬಿದವರೂ ಶಿಶಿಕ್ಷುಗಳಾಗಬಹುದು, ಅವರಿಗೆ ನಿಗದಿಯಾದ ಭತ್ಯೆ ಕೊಡಲೇಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿ ಐಟಿಐ ಸೇರಿದವರಿಗೆ ಎಚ್‌ಎಎಲ್‌ನಂಥ ಕಾರ್ಖಾನೆ ಹತ್ತಿರದಲ್ಲೇ ಇದೆ. ಎರಡು ವರ್ಷ ತಡವಾಗಿ ಕೈಗೆ ಬರುವ ಆ ಭತ್ಯೆ, ಇಂದೇ ಗ್ಯಾರೇಜಿನಲ್ಲಿ ಸಿಗುವ ಚಿಲ್ಲರೆಗಿಂತ ಬಹುಪಾಲು ಮೇಲು.

ಮನೆಯ ಅಂಗಡಿಯ ಪ್ರಶ್ನೆ ಬೇರೆ. ಮುಖ್ಯರಸ್ತೆಯ ಪ್ರಾವಿಜನ್ ಸ್ಟೋರು, ತರಕಾರಿ ಗಾಡಿ, ಇಸ್ತ್ರಿ ಬಂಡಿ, ಹಾಲಿನ ಬೂತು ಇವುಗಳಲ್ಲಿ ಶಾಲೆ ಬಿಟ್ಟು ಬಂದ ಮಗ ಮಗಳು ಗಲ್ಲಾದ ಮೇಲೆ ಕೂರುವುದು ದಿನನಿತ್ಯದ ನೋಟ. 2017ರ ನಿಯಮಗಳು ಇದಕ್ಕೆ ಮಿತಿ ಹಾಕಿವೆ: ಮಗುವಿನ ನೆರವು ದಿನಕ್ಕೆ ಮೂರು ಗಂಟೆ ಮೀರಬಾರದು, ಶಾಲೆಯ ಹೊತ್ತಿನಲ್ಲೂ ಸಂಜೆ ಏಳರ ಮೇಲೂ ಕೂಡದು, ದೊಡ್ಡವರು ಮಾಡಬೇಕಾದ ಕೆಲಸಕ್ಕೆ ಮಗು ಬದಲಿಯಾಗಬಾರದು. ಇಲ್ಲಿ ಕುಟುಂಬವೆಂದರೆ ತಂದೆ, ತಾಯಿ, ಒಡಹುಟ್ಟಿದವರು, ತಂದೆ ತಾಯಿಯರ ಒಡಹುಟ್ಟಿದವರು. ಊರ ಕಡೆಯ ದೂರದ ನೆಂಟರು ಈ ಲೆಕ್ಕಕ್ಕೆ ಬರುವುದಿಲ್ಲ. ಕಾನೂನು ಹೇಳದ ಒಂದು ಮಾತನ್ನೂ ಸೇರಿಸಬೇಕು. ಅಂಗಡಿಯಲ್ಲಿ ಕೂತ ಮಗನಿಗೆ ಕೈಗೆ ನೂರು ರೂಪಾಯಿ ಸಿಗುವ ಮನೆಯಲ್ಲೇ, ಹೂ ಕಟ್ಟುವ, ಪಾತ್ರೆ ತೊಳೆಯುವ, ತಮ್ಮನನ್ನು ನೋಡಿಕೊಳ್ಳುವ ಮಗಳಿಗೆ ಏನೂ ಸಿಗುವುದಿಲ್ಲ. ಹಲಸೂರಿನ ದೇವಸ್ಥಾನಗಳ ಸುತ್ತ ಮಾರುವ ಮಾರು ಮಾರು ಹೂವಿನ ಹಿಂದೆ ಮನೆಗಳಲ್ಲಿ ಕೂತು ಕಟ್ಟುವ ಹೆಂಗಸರ ದುಡಿಮೆ ಇದೆ, ಅವರ ಪಕ್ಕದಲ್ಲಿ ಹೆಣ್ಣುಮಕ್ಕಳ ಬೆರಳುಗಳೂ ಇವೆ. ಮನೆಯೊಳಗಿನ ದುಡಿಮೆಗೆ ಬೆಲೆ ಕಟ್ಟುವಾಗ ಹೆಣ್ಣುಮಗುವಿನ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆಯದಿರುವುದು ಅನ್ಯಾಯ.

ಮೇಲಿನ ಎಲ್ಲಕ್ಕಿಂತ ಈ ವಯಸ್ಸಿಗೆ ಹೊಂದುವ ಕೆಲಸ ಪಾಠ ಹೇಳಿಕೊಡುವುದು. ಇದಕ್ಕೆ ಬೆಂಗಳೂರಿನಲ್ಲಿ ದೊಡ್ಡ ಪರಂಪರೆಯೇ ಇದೆ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು, 1881ರಲ್ಲಿ ಬಿ.ಎ. ಮುಗಿಸಿದರು. ಕಗ್ಗದಾಸಪುರದ ಹತ್ತಿರ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಶುರುವಾದ ರೈಲ್ವೆ ಟರ್ಮಿನಲ್ ಅವರ ಹೆಸರನ್ನೇ ಹೊತ್ತಿದೆ. ಒಂಬತ್ತನೇ ತರಗತಿಯ ಹುಡುಗಿ ಮೂರನೇ ತರಗತಿಯ ಮಗುವಿಗೆ ಮಗ್ಗಿ, ಕಳೆಯುವುದು, ಭಾಗಿಸುವುದು ಕಲಿಸಬಲ್ಲಳು. ಎಷ್ಟೋ ಸಲ ದೊಡ್ಡವರಿಗಿಂತ ಚೆನ್ನಾಗಿಯೇ ಕಲಿಸಬಲ್ಲಳು, ಏಕೆಂದರೆ ಆ ಲೆಕ್ಕ ಎಲ್ಲಿ ತೊಡಕಾಗುತ್ತದೆಂಬುದು ಅವಳ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಕಲಿಸುವವಳ ಬುನಾದಿಯೂ ಅದರಿಂದ ಗಟ್ಟಿಯಾಗುತ್ತದೆ.

ಕಗ್ಗದಾಸಪುರದಂಥ ಕಡೆ ಇನ್ನೊಂದು ಅವಕಾಶ ಎಲ್ಲರ ಕಣ್ಣೆದುರಿಗೇ ಇದೆ, ಹೆಚ್ಚಿನವರು ಅದನ್ನು ಗಮನಿಸಿಲ್ಲ. ಅದು ಕನ್ನಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದನೇ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆಂದಿತು, 2017-18ರಿಂದ ತರಗತಿಯಿಂದ ತರಗತಿಗೆ ಅದು ಜಾರಿಯಾಗತೊಡಗಿತು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಓದುವ, ಮನೆಯಲ್ಲಿ ತೆಲುಗು, ಹಿಂದಿ, ಬಂಗಾಳಿ ಆಡುವ ಮಕ್ಕಳು ಒತ್ತಕ್ಷರ, ಕಾಗುಣಿತದ ಮುಂದೆ ತಡವರಿಸುತ್ತಾರೆ. ಅವರ ತಂದೆ ತಾಯಿ ಸಹಾಯ ಮಾಡಲಾರರು. ಅಲ್ಲೇ ಹಿಂದಿನ ಬೀದಿಯ ಸರ್ಕಾರಿ ಶಾಲೆಯ ಹತ್ತನೇ ತರಗತಿಯ ಹುಡುಗನಿಗೆ ಇದು ನೀರು ಕುಡಿದಷ್ಟು ಸುಲಭ. ಇಂಗ್ಲಿಷ್ ಬಾರದೆಂದು ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಹಿಂಜರಿಯುವ ಮಗುವಿಗೆ, ತನ್ನ ಬಳಿಯೂ ಬೇರೆಯವರಿಗೆ ಬೇಕಾದ ವಿದ್ಯೆ ಇದೆಯೆಂದು ತಿಳಿಯುವುದು ಕೈಗೆ ಬರುವ ಹಣಕ್ಕಿಂತ ದೊಡ್ಡ ಲಾಭ. ನಿವಾಸಿಗಳ ಸಂಘಗಳು ತಮ್ಮ ಸಭಾಕೊಠಡಿಯನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆ ಇದಕ್ಕೆ ಬಿಟ್ಟುಕೊಟ್ಟರೆ ಸಾಕು. ಹಲವರ ಕಣ್ಣಿರುವ ಜಾಗದಲ್ಲಿ ಪಾಠ ನಡೆಯುವುದು ಸುರಕ್ಷತೆಗೂ ಬೇಕು. ಗೊತ್ತಿಲ್ಲದವರ ಮನೆಯೊಳಗೆ ಹದಿಹರೆಯದವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಒಬ್ಬರೇ ಕಳಿಸುವುದು ಜಾಣತನವಲ್ಲ.

ನೆರೆಹೊರೆಯ ಸಣ್ಣಪುಟ್ಟ ಕೆಲಸಗಳೂ ಈ ವಯಸ್ಸಿಗೆ ಹೊಂದುವಂಥವೇ. ಊರಿಗೆ ಹೋದವರ ಗಿಡಗಳಿಗೆ ನೀರು ಹಾಕುವುದು, ನಾಯಿಯನ್ನು ಓಡಾಡಿಸುವುದು, ವಯಸ್ಸಾದವರಿಗೆ ಮೊಬೈಲಿನಲ್ಲಿ ಕರೆಂಟು ಬಿಲ್ ಕಟ್ಟುವುದನ್ನು ಹೇಳಿಕೊಡುವುದು, ಹಬ್ಬಕ್ಕೆ ರಂಗೋಲಿ ಬಿಡುವುದು, ಮದುವೆ ಮನೆಯಲ್ಲಿ ಮೆಹೆಂದಿ ಹಾಕುವುದು. ತಯಾರಿಸಿ ಮಾರುವುದೂ ಇದೆ: ಮಣ್ಣಿನ ಹಣತೆಗೆ ಬಣ್ಣ ಹಚ್ಚುವುದು, ಕಾಗದದ ಕೈಚೀಲ, ಹಳೆಯ ಪಠ್ಯಪುಸ್ತಕಗಳ ಮಾರಾಟ, ಅಮ್ಮನ ಜೊತೆ ಸೇರಿ ಚಕ್ಕುಲಿ ನಿಪ್ಪಟ್ಟು. ತಿಂಡಿಯನ್ನು ನಿಯತವಾಗಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದು ದೊಡ್ಡವರ ಹೆಸರಿನಲ್ಲಿರಬೇಕು. ಇಂಥ ವ್ಯಾಪಾರಕ್ಕೆ ತರಬೇತಿಯಂತಿರುವುದು ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳ ಸಂತೆ. ಮೆಟ್ರಿಕ್ ಮೇಳ ಎಂದೂ ಕರೆಯುವ ಈ ದಿನ ಮಕ್ಕಳು ಮನೆಯಿಂದ ಸೊಪ್ಪು, ತೆಂಗಿನಕಾಯಿ, ಮಜ್ಜಿಗೆ, ಮಂಡಕ್ಕಿ ತಂದು ಶಾಲೆಯ ಅಂಗಳದಲ್ಲಿ ಮಾರುತ್ತಾರೆ. ತೂಗುವುದು, ಚಿಲ್ಲರೆ ಕೊಡುವುದು, ಚೌಕಾಸಿ ಮಾಡುವುದು, ಉಳಿದ ಮಾಲಿನ ನಷ್ಟ ನುಂಗುವುದು, ಇಷ್ಟನ್ನೂ ಒಂದೇ ಬೆಳಿಗ್ಗೆ ಕಲಿಸುವ ಪಾಠ ಇನ್ನೊಂದಿಲ್ಲ. ಖಾಸಗಿ ಶಾಲೆಗಳೂ ಇದನ್ನು ತಪ್ಪದೆ ಅನುಸರಿಸಬೇಕು.

ಬೈಕಿನಲ್ಲಿ ಪಾರ್ಸೆಲ್ ಮುಟ್ಟಿಸುವ ಆ್ಯಪ್ ಕೆಲಸಕ್ಕೆ ಹದಿನೆಂಟು ತುಂಬಿರಬೇಕು. ಅಣ್ಣನ ಹೆಸರಿನ ಖಾತೆಯಲ್ಲಿ ತಮ್ಮ ಗಾಡಿ ಓಡಿಸಿದರೆ 2019ರ ಮೋಟಾರು ವಾಹನ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ ಬೀಳಬಹುದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಮೊಬೈಲಿನಲ್ಲೇ ಸಂಪಾದಿಸುವ ಆಸೆ ಈಗ ಎಲ್ಲ ಮಕ್ಕಳಿಗೂ ಇದೆ. ವಿಡಿಯೊ ಎಡಿಟ್ ಮಾಡುವುದು, ಪೋಸ್ಟರ್ ವಿನ್ಯಾಸ, ಕನ್ನಡ ಟೈಪಿಂಗ್, ಅಂಗಡಿಯವರಿಗೆ ವಾಟ್ಸ್ಆ್ಯಪ್ ಪಟ್ಟಿ ಮಾಡಿಕೊಡುವುದು, ಇವು ನಿಜವಾದ ಕೌಶಲಗಳು, ಬೀದಿಯಲ್ಲೇ ಗಿರಾಕಿಗಳೂ ಇದ್ದಾರೆ. ಯೂಟ್ಯೂಬ್ ಚಾನೆಲ್‌ನ ಕಥೆ ಬೇರೆ. ಜಾಹೀರಾತಿನ ಹಣ ಪಡೆಯುವ ಆ್ಯಡ್‌ಸೆನ್ಸ್ ಖಾತೆ ಹದಿನೆಂಟು ತುಂಬಿದವರ ಹೆಸರಿನಲ್ಲಿರಬೇಕು, ಹಣ ಬರುವಷ್ಟು ನೋಡುಗರು ಸಿಗುವುದು ಕೆಲವೇ ಕೆಲವರಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಎಲ್ಲಕ್ಕಿಂತ ಕೆಟ್ಟದ್ದು ‘ಲೈಕ್ ಒತ್ತಿ ಹಣ ಗಳಿಸಿ’, ‘ನಿಮ್ಮ ಖಾತೆಗೆ ಬಂದ ಹಣ ಮುಂದೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ’ ಎಂಬ ಸಂದೇಶಗಳು. ಎರಡನೆಯದು ವಂಚಕರು ಕದ್ದ ಹಣ ಸಾಗಿಸಲು ಬಳಸುವ ದಾರಿ. ಖಾತೆ ಕೊಟ್ಟ ಮಗುವಿನ ಮನೆಗೇ ಪೊಲೀಸರು ಮೊದಲು ಬರುತ್ತಾರೆ. ದುಡಿಯುವ ಮುಂಚೆ ಹಣ ಕಟ್ಟಿ ಎನ್ನುವ ಕೆಲಸ ಯಾವುದೂ ಕೆಲಸವಲ್ಲ.

ನಟನೆ ಕೆಲವರಿಗೆ ಮಾತ್ರ ತೆರೆಯುವ ಬಾಗಿಲು. ‘ಬೆಟ್ಟದ ಹೂವು’ ಚಿತ್ರಕ್ಕೆ ಪುನೀತ್ ರಾಜ್‌ಕುಮಾರ್ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಪಡೆದ, ‘ಮಾಲ್ಗುಡಿ ಡೇಸ್’ನಲ್ಲಿ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಮನೆಮಾತಾದ ನಾಡಿನಲ್ಲಿ, ಕಿರುತೆರೆಯ ಮಕ್ಕಳ ಸ್ಪರ್ಧೆಗಳಿಗೆ ಸಾಲು ನಿಲ್ಲುವ ತಂದೆತಾಯಿಯರಿಗೆ ಕೊರತೆಯಿಲ್ಲ. 2017ರ ನಿಯಮಗಳು ಇಲ್ಲಿ ವಿವರವಾಗಿವೆ: ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು, ದಿನಕ್ಕೆ ಐದು ಗಂಟೆ ಮೀರಬಾರದು, ಸತತ 27 ದಿನಕ್ಕಿಂತ ಹೆಚ್ಚು ಚಿತ್ರೀಕರಣವಿರಬಾರದು, ಸಂಭಾವನೆಯಲ್ಲಿ ಕನಿಷ್ಠ ಶೇ 20ನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ದುಡಿದ ಮಗುವಿನ ಹಣ ಮಗುವಿಗೇ ಉಳಿಯಬೇಕೆಂದು ಕಾನೂನು ಬಾಯಿಬಿಟ್ಟು ಹೇಳಿರುವುದು ಇಲ್ಲೇ.

ಓದಿನಿಂದಲೇ ಬರುವ ಹಣವನ್ನು ಸಂಪಾದನೆಯೆಂದು ಬಹಳ ಜನ ಎಣಿಸುವುದಿಲ್ಲ. ಎಣಿಸಬೇಕು. ರಾಷ್ಟ್ರೀಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನಕ್ಕೆ ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000 ರೂಪಾಯಿ ಖಾತೆಗೆ ಬರುತ್ತದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು, ಓದುವುದು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಾಗಿರಬೇಕು. ಖಾಸಗಿ ಶಾಲೆಗಳವರಿಗೂ ಕೇಂದ್ರೀಯ ವಿದ್ಯಾಲಯಗಳವರಿಗೂ ಇದು ಸಿಗುವುದಿಲ್ಲ. ತಿಂಗಳಿಗೆ ಸಾವಿರದಂತೆ ನಾಲ್ಕು ವರ್ಷ ಬರುವ ಈ ಹಣಕ್ಕೆ ಬೇಕಾದದ್ದು ಕೆಲವು ತಿಂಗಳ ತಯಾರಿ. ನಸುಕಿನಲ್ಲೆದ್ದು ಪೇಪರ್ ಹಾಕುವ ಹುಡುಗನ ಶಾಲೆಯವರು ಮೊದಲು ಮಾಡಬೇಕಾದದ್ದು ಅವನಿಂದ ಈ ಅರ್ಜಿ ತುಂಬಿಸುವುದು. ವಿಜ್ಞಾನದ ಹೊಸ ಕಲ್ಪನೆಗಳಿಗೆ ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆ 10,000 ರೂಪಾಯಿ ಕೊಡುತ್ತದೆ. ಅದಕ್ಕೆ ಹೆಸರು ಕಳಿಸಬೇಕಾದದ್ದು ಶಾಲೆ.

ಮಕ್ಕಳು ದುಡಿಯಬೇಕೇ ಎಂಬ ಮೂಲ ಪ್ರಶ್ನೆಯ ಮೇಲೆ ಬೆಂಗಳೂರಿನಲ್ಲೇ ಗಂಭೀರ ವಾದ ನಡೆದಿದೆ. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಲ್ಲಿ 1990ರಲ್ಲಿ ದುಡಿಯುವ ಮಕ್ಕಳೇ ಭೀಮ ಸಂಘ ಕಟ್ಟಿಕೊಂಡರು. ಬರೀ ನಿಷೇಧ ಮಕ್ಕಳನ್ನು ಇನ್ನೂ ಕತ್ತಲೆಯ ಕೆಲಸಗಳಿಗೆ ತಳ್ಳುತ್ತದೆ, ತಮ್ಮನ್ನು ಕೇಳದೆ ತಮ್ಮ ಬಗ್ಗೆ ತೀರ್ಮಾನ ಮಾಡಬೇಡಿ ಎಂಬುದು ಅವರ ವಾದ. ಆಂಧ್ರದಲ್ಲಿ ಎಂ.ವಿ. ಫೌಂಡೇಷನ್‌ನ ಶಾಂತಾ ಸಿನ್ಹಾ ಇದಕ್ಕೆ ಎದುರಾದ ನಿಲುವು ತಳೆದರು: ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ, ಎಲ್ಲರನ್ನೂ ಪೂರ್ಣಾವಧಿ ಶಾಲೆಗೆ ತರುವುದೇ ಪರಿಹಾರ. ಕಗ್ಗದಾಸಪುರಕ್ಕೆ ತೀರಾ ಹತ್ತಿರದ ಅಣ್ಣಸಂದ್ರಪಾಳ್ಯದಲ್ಲಿ ಎಪಿಎಸ್‌ಎ ಸಂಸ್ಥೆ ಬೀದಿಯ, ದುಡಿಯುವ ಮಕ್ಕಳ ನಡುವೆ ದಶಕಗಳಿಂದ ಕೆಲಸ ಮಾಡಿದೆ. 2017ರ ಜೂನಿನಲ್ಲಿ ಭಾರತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕನಿಷ್ಠ ವಯಸ್ಸಿನ ಒಡಂಬಡಿಕೆಯನ್ನು ಅನುಮೋದಿಸಿದ ಮೇಲೆ ಅಧಿಕೃತ ನಿಲುವು ಶಾಲೆಯ ಕಡೆಗೇ ವಾಲಿದೆ. ಹದಿನಾಲ್ಕರ ಕೆಳಗೆ ಶಾಂತಾ ಸಿನ್ಹಾ ಹೇಳಿದ್ದು ಸರಿ. ಅದರ ಮೇಲಿನ ವಯಸ್ಸಿನಲ್ಲಿ, ಮಕ್ಕಳನ್ನೇ ಕೇಳಿ ಎಂಬ ಭೀಮ ಸಂಘದ ಮಾತನ್ನು ತಳ್ಳಿಹಾಕಲಾಗದು.

ಗಳಿಸಿದ ಹಣ ಎಲ್ಲಿ ಉಳಿಯುತ್ತದೆ ಎಂಬುದು ಕೊನೆಯ ಸಂಗತಿ. ಹತ್ತು ವರ್ಷ ತುಂಬಿದ ಮಕ್ಕಳು ಸ್ವತಂತ್ರವಾಗಿ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಅಂಚೆ ಕಚೇರಿಯಲ್ಲಿ 500 ರೂಪಾಯಿಯಿಂದ ಖಾತೆ ಶುರುಮಾಡಬಹುದು. ಅಪ್ರಾಪ್ತರ ಬಡ್ಡಿ ಮುಂತಾದ ಆದಾಯ ತಂದೆ ಅಥವಾ ತಾಯಿಯ ಲೆಕ್ಕಕ್ಕೆ ಸೇರುತ್ತದೆ, ಸ್ವಂತ ದುಡಿಮೆ ಅಥವಾ ಪ್ರತಿಭೆಯಿಂದ ಗಳಿಸಿದ್ದು ಮಗುವಿನದೇ ಆದಾಯ. 1903ರಲ್ಲಿ ಪ್ರಿವಿ ಕೌನ್ಸಿಲ್ ಮೋಹರಿ ಬೀಬಿ ಪ್ರಕರಣದಲ್ಲಿ ಹೇಳಿದಂತೆ ಅಪ್ರಾಪ್ತರು ಮಾಡಿಕೊಂಡ ಒಪ್ಪಂದ ಅಸಿಂಧು. ಹಾಗಾಗಿ ಕೂಲಿ ಕೊಡದೆ ಕೈಯೆತ್ತಿದವರ ಮೇಲೆ ಕರಾರುಪತ್ರ ಹಿಡಿದು ಹೋಗುವುದು ಮಗುವಿಗೆ ಕಷ್ಟ. ಮಾತುಕತೆಯಲ್ಲಿ ಮೊದಲಿನಿಂದಲೂ ಪೋಷಕರಿರಬೇಕು, ಹಣ ವಾರಕ್ಕೊಮ್ಮೆ ಕೈ ಸೇರಬೇಕು. ಕಿಶೋರರನ್ನು ಕೆಲಸಕ್ಕಿಟ್ಟುಕೊಂಡ ಅಂಗಡಿಯವರು ಅವರ ಹುಟ್ಟಿದ ದಿನ, ಕೆಲಸದ ಹೊತ್ತು, ವಿಶ್ರಾಂತಿಯ ಹೊತ್ತು ಬರೆದ ರಿಜಿಸ್ಟರ್ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ತೋರಿಸಿ ಎಂದು ಕೇಳಲು ತಂದೆತಾಯಿ ಹಿಂಜರಿಯಬೇಕಿಲ್ಲ. ಎಲ್ಲಾದರೂ ಮಗುವನ್ನು ನಿಷೇಧ ಮೀರಿ ದುಡಿಸುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಹಗಲು ರಾತ್ರಿ ಕರೆ ಮಾಡಬಹುದು.